ಮೂರು ಮೆಟ್ಟಿಲ ನಂಟು

ಮೂರನೆಯ ಸಲ ಅಳಿಸಿದಾಗ ಹಾಳೆ ತೆಳ್ಳಗಾಗಿ, ಅಪ್ಪನ ಹೆಸರಿದ್ದ ಜಾಗದಲ್ಲಿ ಕಿಟಕಿಯ ಬೆಳಕು ಹಾಯತೊಡಗಿತು. ಶಾಂತಕುಮಾರಿ ರಬ್ಬರಿನ ಪುಡಿಯನ್ನು ಊದಿ, ಇನ್ನೊಂದು ಹಾಳೆ ತೆಗೆದುಕೊಂಡು, ಈ ಸಲ ಪೆನ್ಸಿಲ್ ಬಿಟ್ಟು ಪೆನ್ನಿನಲ್ಲೇ ಬರೆದಳು. ಮೇಲೆ ಅಜ್ಜಿ ಕೆಂಚಕ್ಕ. ಅವಳಿಂದ ಕೆಳಕ್ಕೆ ಎರಡು ಗೆರೆ, ಒಂದರ ತುದಿಗೆ ಅವ್ವ, ಇನ್ನೊಂದರ ತುದಿಗೆ ಅವ್ವನ ತಮ್ಮ ಓಬಳೇಶ್. ಅವ್ವನ ಕೆಳಗೆ ತಂಗಿ ಸೆಲಿನ. ಸೆಲಿನಳಿಂದ ಅವ್ವನಿಗೆ ಒಂದು ಮೆಟ್ಟಿಲು, ಅವ್ವನಿಂದ ಅಜ್ಜಿಗೆ ಎರಡು, ಅಜ್ಜಿಯಿಂದ ಇಳಿದರೆ ಓಬಳೇಶ್, ಮೂರು. ನಾಲ್ಕು ಮೆಟ್ಟಿಲ ಒಳಗಿನ ನಂಟಿಗೆ ಧರ್ಮಸಭೆಯಲ್ಲಿ ಮದುವೆಯಿಲ್ಲ; ಮೂರಕ್ಕಾದರೆ ಬಿಷಪ್ಪರು ಮನಸ್ಸು ಮಾಡಿ ವಿನಾಯಿತಿ ಕೊಡಬಹುದು. ಸೆಲಿನ, ಓಬಳೇಶರ ಮದುವೆಗೆ ಅದನ್ನು ಕೇಳುವ ಅರ್ಜಿಗೆ ಈ ನಂಟಿನ ಪಟ ಬೇಕಾಗಿತ್ತು. ಇವತ್ತು ಸಂಜೆ ಐದರೊಳಗೆ ಅವ್ವನ ಹೆಬ್ಬೆಟ್ಟು ಒತ್ತಿಸಿ ತಂದುಕೊಟ್ಟರೆ, ನಾಳೆ ಬೆಳಿಗ್ಗೆ ಬಿಷಪ್ಪರಲ್ಲಿಗೆ ಹೋಗುವ ಫಾದರ್ ವಲೇರಿಯನ್ ಒಯ್ಯುತ್ತಾರೆ. ತರದಿದ್ದರೆ ಮತ್ತೆ ಒಂದು ತಿಂಗಳು. ಬರೆಯುವ ಕೆಲಸವನ್ನು ಫಾದರ್ ಇವಳಿಗೇ ಕೊಟ್ಟಿದ್ದರು. "ಹೇಗೂ ನೀನು ಅದನ್ನೇ ಓದಲು ಹೋಗುವವಳಲ್ವಾ," ಎಂದಿದ್ದರು. ಅಪ್ಪ ಮಾರಣ್ಣನ ಹೆಸರನ್ನು ಅವ್ವನ ಪಕ್ಕದಲ್ಲಿ ಬರೆದು ಸುಮ್ಮನಾದಳು. ಅದರ ಮೇಲೆ ಯಾವ ಗೆರೆಯನ್ನೂ ಎಳೆಯಲಿಲ್ಲ. ಅಪ್ಪ ಕೆಂಚಕ್ಕನ ಒಡಹುಟ್ಟಿದ ತಮ್ಮ. ಅವ್ವ ಕೂಡ ತನ್ನ ಸೋದರಮಾವನನ್ನೇ ಕಟ್ಟಿಕೊಂಡವಳು. ಇದು ಗೊತ್ತಿಲ್ಲದ ಸಂಗತಿಯಲ್ಲ, ಬಾಯಲ್ಲಿರುವ ಹಲ್ಲುಗಳ ಹಾಗೆ ಇತ್ತು, ಎಣಿಸಿರಲಿಲ್ಲ ಅಷ್ಟೆ. ಇವತ್ತು ಬೆಳಿಗ್ಗೆ ಪೆನ್ಸಿಲ್ ಹಿಡಿದು ಎಣಿಸಿದಾಗ ಅಲ್ಲೂ ಮೂರೇ ಬಂತು.

ಚಳ್ಳಕೆರೆಯ ಕಾನ್ವೆಂಟಿನ ಹಾಸ್ಟೆಲಿನಲ್ಲಿ ಅವಳಿಗೆ ಕೊಟ್ಟಿದ್ದ ಕೋಣೆ ಮೊದಲು ಅಕ್ಕಿ ಬೇಳೆ ಇಡುತ್ತಿದ್ದ ಉಗ್ರಾಣ. ಗೋಡೆಯಲ್ಲಿ ಇನ್ನೂ ಹುಳುವಿನ ವಾಸನೆಯಿತ್ತು. ಮಕ್ಕಳನ್ನು ಎಬ್ಬಿಸುವುದು, ಸಾಲು ನಿಲ್ಲಿಸುವುದು, ಸಂಜೆ ಪಾಠ ಹೇಳುವುದು ಅವಳ ಕೆಲಸ. ಎಲ್ಎಲ್‌ಬಿ ಮುಗಿಸಿ ಒಂದು ವರ್ಷ ಚಿತ್ರದುರ್ಗದ ಕೋರ್ಟಿಗೆ ಹೋಗಿ, ಜಡ್ಜಿನ ಮುಂದೆ ಒಂದು ಮಾತೂ ಆಡಲಾಗದೆ ಬಂದವಳಿಗೆ ಇದೇ ಸರಿಯಾಗಿತ್ತು. ಎರಡು ವರ್ಷದ ಹಿಂದೆ ಫಾದರ್ ವಲೇರಿಯನ್ ಬೆಲ್ಜಿಯಂನ ಲೂವನ್ ಎಂಬ ಊರಿನ ಹೆಸರು ಹೇಳಿದಾಗ ಅವಳು ಅಟ್ಲಾಸಿನಲ್ಲಿ ಹುಡುಕಿದ್ದಳು, ಸಿಕ್ಕಿರಲಿಲ್ಲ. ಅಲ್ಲಿಯ ಕಥೋಲಿಕ ವಿಶ್ವವಿದ್ಯಾಲಯದಲ್ಲಿ ಧರ್ಮಸಭೆಯ ಕಾನೂನು ಕಲಿತು ಬಂದರೆ ಬಿಷಪ್ಪರ ನ್ಯಾಯಪೀಠದಲ್ಲಿ ಕೆಲಸ. ಅಲ್ಲಿ ಯಾರೂ ಎದ್ದು ನಿಂತು ವಾದಿಸಬೇಕಿಲ್ಲ, ಎಲ್ಲವೂ ಕಾಗದದ ಮೇಲೆ. ಆ ಒಂದು ಮಾತಿಗೇ ಅವಳು ಒಪ್ಪಿದ್ದು. ಈಗ ಪಾಸ್‌ಪೋರ್ಟ್ ಬಂದಿದೆ, ಸೆಪ್ಟೆಂಬರಿಗೆ ಸೀಟು ಇದೆ, ಬಿಷಪ್ಪರ ಶಿಫಾರಸು ಪತ್ರವೊಂದು ಬಾಕಿ. ಹೊಸ ಸ್ವೆಟರನ್ನು ಸಿಸ್ಟರ್ ಒಬ್ಬರು ಹೆಣೆದು ಕೊಟ್ಟಿದ್ದಾರೆ. ಬೇಸಿಗೆ ಇನ್ನೂ ಮುಗಿಯದ ಈ ಜೂನಿನಲ್ಲಿ ಅದು ಹಗ್ಗದ ಮೇಲೆ ಸತ್ತ ಕುರಿಯ ಹಾಗೆ ನೇತಾಡುತ್ತದೆ.

ತಂಗಿಯ ಮದುವೆಯ ಈ ನಂಟನ್ನು ಫಾದರಿಗೆ ಹೇಳಿದ್ದು ಒಂದು ಶನಿವಾರ. ಶನಿವಾರ ಶನಿವಾರ ಫಾದರ್ ಲ್ಯಾಟಿನ್ ಹೇಳಿಕೊಡುತ್ತಿದ್ದರು. ಅವತ್ತು ನಂಟಿನ ಪದಗಳು. ಅಪ್ಪನ ತಮ್ಮನಿಗೆ ಪಾತ್ರೂಸ್, ಅವ್ವನ ತಮ್ಮನಿಗೆ ಅವುಂಕುಲುಸ್. ಇಂಗ್ಲಿಷಿನಲ್ಲಿ ಇಬ್ಬರಿಗೂ ಅಂಕಲ್ ಎಂದು ಒಂದೇ ಚೀಲಕ್ಕೆ ಹಾಕಿ ಕಟ್ಟುವ ಹಾಗೆ ಇದರಲ್ಲಿ ಇರಲಿಲ್ಲ, ನಮ್ಮ ಹಾಗೇ ಬೇರೆ ಬೇರೆ ಇತ್ತು. ಅದನ್ನು ನೋಡಿ ಅವಳಿಗೆ ಖುಷಿಯಾಯಿತು. ಎರಡು ಸಾವಿರ ವರ್ಷದ ಹಿಂದಿನ ಯಾರೋ ಮೊಳಕಾಲ್ಮೂರಿನ ಅವ್ವನ ಹಟ್ಟಿಗೆ ಬಂದು ಕೂತ ಹಾಗೆ. ಖುಷಿಯಾದಾಗ ಅವಳ ಬಾಯಿಂದ ಮಾತು ಬರುತ್ತಿತ್ತು, ಅದು ಅಪರೂಪ. "ನನ್ನ ತಂಗಿ ಮದುವೆಯಾಗ್ತಿರೋದು ಅವಳ ಅವುಂಕುಲುಸ್‌ನೇ ಫಾದರ್," ಎಂದಳು. ಫಾದರ್ ಪೆನ್ನಿನ ಟೋಪಿ ಹಾಕಿದರು. ಆ ಟಪ್ ಎಂಬ ಸದ್ದು ಈಗಲೂ ಕೇಳುತ್ತದೆ. ಎರಡು ರಿಜಿಸ್ಟರ್ ತೆಗೆಸಿದರು. ಅವ್ವನ ಜ್ಞಾನಸ್ನಾನದ ಸಾಲಿನಲ್ಲಿ ತಾಯಿಯ ಹೆಸರು ಕೆಂಚಕ್ಕ. ಹದಿಮೂರು ವರ್ಷದ ನಂತರದ ಓಬಳೇಶನ ಸಾಲಿನಲ್ಲಿ ತಾಯಿಯ ಹೆಸರು ಮೋನಿಕಾ, ಯಾಕೆಂದರೆ ಅಷ್ಟರಲ್ಲಿ ಕೆಂಚಕ್ಕನೂ ಜ್ಞಾನಸ್ನಾನ ಪಡೆದಿದ್ದಳು. ಪುಸ್ತಕದ ಪ್ರಕಾರ ಅವರು ಇಬ್ಬರು ಬೇರೆ ಹೆಂಗಸರು. ಇವಳು ಬಾಯಿ ಬಿಡದಿದ್ದರೆ ಲೋಕ ಮುಗಿಯುವ ತನಕ ಹಾಗೇ ಇರುತ್ತಿದ್ದರು. ಅವತ್ತು ಇವಳಿಗೆ ಆ ಕಾನೂನು ಗೊತ್ತಿತ್ತೋ ಇಲ್ಲವೋ? ಮದುವೆಗೆ ಅಡ್ಡಿ ಗೊತ್ತಿದ್ದವರು ಮುಂಚಿತವಾಗಿ ಹೇಳಲೇಬೇಕು ಎಂಬ ಸಾವಿರದ ಅರವತ್ತೊಂಬತ್ತನೇ ಕಲಮನ್ನು ಓದಿದ್ದು ಆ ಶನಿವಾರದ ಹಿಂದೋ ಮುಂದೋ? ಹೈಸ್ಕೂಲಿನಿಂದ ಒಂದು ದಿನವೂ ತಪ್ಪಿಸದೆ ಡೈರಿ ಬರೆದವಳು ಆ ದಿನದ ಪುಟವನ್ನು ಎಷ್ಟು ಸಲ ತೆಗೆದು ನೋಡಿದರೂ ಅಲ್ಲಿದ್ದದ್ದು ಅವುಂಕುಲುಸ್ ಪದದ ಏಳೆಂಟು ರೂಪಗಳು ಮಾತ್ರ, ದುಂಡಗೆ, ಅಡಿಗೆರೆ ಹಾಕಿ.

ಮುಂದಿನ ಭಾನುವಾರ ಮದುವೆಯ ಹೆಸರುಗಳನ್ನು ಎರಡನೇ ಸಲ ಓದಬೇಕಿತ್ತು. ಮೂರು ಭಾನುವಾರ ಓದಿದರೆ ಮದುವೆ. ಪೂಜೆ ಮುಗಿದ ಮೇಲೆ ಫಾದರ್ ಚೀಟಿ ತೆಗೆದು ಗದ್ದಿಗೆರೆ ಹುಡುಗಿಯೊಬ್ಬಳ ಹೆಸರು ಓದಿದರು, ನಾಪತ್ತೆಯಾದ ಛತ್ರಿಯ ವಿಷಯ ಹೇಳಿದರು, ಶಿಲುಬೆಯ ಗುರುತು ಹಾಕಿ ಇಳಿದುಹೋದರು. ಹೊಸ ಸೀರೆ ಉಟ್ಟು, ಜನ ನೋಡಲೆಂದೇ ನಡುದಾರಿಯ ಪಕ್ಕ ಕೂತಿದ್ದ ಸೆಲಿನ ಕತ್ತು ಎತ್ತಿಯೇ ಇದ್ದಳು. ಇನ್ನೂ ಏನೋ ಓದುತ್ತಾರೆ ಎನ್ನುವ ಹಾಗೆ. ಅವಳ ಹಿಂದಿನ ಬೆಂಚಿನಲ್ಲಿದ್ದ ಶಾಂತಕುಮಾರಿಗೆ ಕಂಡದ್ದು ತಂಗಿಯ ಕತ್ತಿನ ಮೇಲಿದ್ದ ಬೇಸಿಗೆ ಬೊಕ್ಕೆಗಳು ಮಾತ್ರ. ಅವು ಒಂದೊಂದಾಗಿ ಕೆಂಪಾದವು.

ಮೊಳಕಾಲ್ಮೂರಿನ ಬಸ್ಸು ತಳಕು ದಾಟುವ ಹೊತ್ತಿಗೆ ಪಕ್ಕದ ಸೀಟಿಗೆ ಪಾತಮ್ಮ ಬಂದು ಕೂತಳು. ಅವ್ವನ ಓಣಿಯ ಸಾಬರ ಮನೆಯವಳು, ಸಂತೆಯಿಂದ ಸಂತೆಗೆ ಬಳೆ ಮಾರುವವಳು. ಬುಟ್ಟಿಯನ್ನು ತೊಡೆಯ ಮೇಲಿಟ್ಟುಕೊಂಡು, ಇವಳ ತೊಡೆಯ ಮೇಲೂ ಅರ್ಧ ಇಟ್ಟಳು.

"ಏನವ್ವ ಲಾಯರಮ್ಮ, ಮದುವೆ ಯಾವಾಗ?"

"ಬಿಷಪ್ಪರು ಕಾಗದ ಕೊಡಬೇಕು."

"ತಂಗೀದೇ ಕಣವ್ವ ನಾ ಕೇಳಿದ್ದು. ನಿಂದು ಯಾರು ಕೇಳ್ತಾರೆ." ಪಾತಮ್ಮ ಬುಟ್ಟಿಯ ಬಟ್ಟೆ ಸರಿಮಾಡಿದಳು. "ನಮ್ಮಾಗೆ ದೊಡ್ಡಪ್ಪನ ಮಗಳನ್ನೇ ತರ್ತೀವಿ, ಅದು ನಿಮಗೆ ಆಗಲ್ಲ. ನಿಮ್ಮಾಗೆ ಅಕ್ಕನ ಮಗಳನ್ನ ತರ್ತೀರಿ, ಅದು ನಮಗೆ ಆಗಲ್ಲ. ಒಬ್ಬೊಬ್ರದು ಒಂದೊಂದು. ಅದುಕ್ಕೆ ಯಾರಾರ ಪೊಲೀಸ್ ತಾವ ಹೋಗ್ತಾರಾ?"

"ನಾನು ಪೊಲೀಸ್ ಹತ್ರ ಹೋಗಿಲ್ಲ."

"ಅದೇ ಕಣವ್ವ, ಪಾದ್ರಿ ತಾವ." ಕಿಟಕಿಗೆ ಹೇಳುವ ಹಾಗೆ, "ದೊಡ್ಡೋಳನ್ನ ಬಿಟ್ಟು ಚಿಕ್ಕೋಳಿಗೆ ಕೈ ಹಾಕಿದ್ರೆ ಹಿಂಗೇ ಆಗಾದು. ನಾ ಅವತ್ತೇ ನಿಮ್ಮವ್ವಂಗೆ ಅಂದೆ," ಎಂದಳು.

ಶಾಂತಕುಮಾರಿ ಬ್ಯಾಗಿನೊಳಗೆ ಕೈ ಹಾಕಿ ಡೈರಿಯ ರಟ್ಟನ್ನು ಮುಟ್ಟಿದಳು. ಹೊರಗೆ ಶೇಂಗಾ ಬಿತ್ತಲು ಉಳುಮೆ ಮಾಡಿಟ್ಟ ಕೆಂಪು ಹೊಲಗಳ ಮಣ್ಣು ಗಾಳಿಗೆ ಎದ್ದು ಬಸ್ಸಿನ ಜೊತೆಗೇ ಓಡುತ್ತಿತ್ತು. ಊರೆಲ್ಲ ಹೇಳುವುದು ಇದನ್ನೇ. ಅಕ್ಕನ ಹಿರಿಯ ಮಗಳ ಮೇಲೆ ಸೋದರಮಾವನಿಗೆ ಹಕ್ಕು. ಓಬಳೇಶ್ ಇವಳಿಗೆ ಎಂದೇ ಇವಳು ತೊಟ್ಟಿಲಲ್ಲಿದ್ದಾಗ ಎಲ್ಲರೂ ಆಡಿಕೊಂಡಿದ್ದರು. ನಾಲ್ಕು ವರ್ಷದ ಹಿಂದೆ, ಅಪ್ಪ ಸತ್ತು ಎರಡನೇ ವರ್ಷ, ಅವ್ವ ಆ ಮಾತು ಎತ್ತಿದಳು. ಇವಳು ಒಳಕೋಣೆಯಲ್ಲಿ ಪರೀಕ್ಷೆಗೆ ಓದುತ್ತಾ, ಬೇಡ ಎಂದು ಹೇಳಲು ಒಂದು ವಾಕ್ಯವನ್ನು ಮನಸ್ಸಿನಲ್ಲೇ ತಿದ್ದಿ ತಿದ್ದಿ ಸಿದ್ಧಮಾಡಿಕೊಂಡು ಕೂತಿದ್ದಳು. ಮಾವನಿಗೆ ನೋವಾಗಬಾರದು, ಅವ್ವನಿಗೆ ಸಿಟ್ಟು ಬರಬಾರದು, ಹಾಗೆ. ಆ ವಾಕ್ಯ ಹೇಳುವ ಹೊತ್ತೇ ಬರಲಿಲ್ಲ. ಹೊರಗೆ ಓಬಳೇಶ್ ನಗುತ್ತಾ, "ಏ ಅಕ್ಕಾ, ಅದು ಓದಿದ್ದು ಕಣೆ, ರಾತ್ರೆಲ್ಲ ಪುಸ್ತಕ ತಬ್ಕಂಡು ಮಲಗ್ತತೆ. ನಂಗೆ ಬ್ಯಾಡ. ಸೆಲಿನ ದೊಡ್ಡೋಳಾಗ್ಲಿ ತಡಿ," ಎಂದಿದ್ದು ಕೇಳಿಸಿತು. ಎಲ್ಲರೂ ನಕ್ಕರು. ಸೆಲಿನ, ಆಗ ಹದಿನಾರು, ಅವಳೂ ನಕ್ಕಳು. ಶಾಂತಕುಮಾರಿಯ ಕೈಯಲ್ಲಿ ಆ ವಾಕ್ಯ ಉಳಿದೇಹೋಯಿತು. ತನಗೆ ಬೇಡವಾಗಿದ್ದ ಗಂಡಸು ತನ್ನನ್ನು ಬೇಡ ಎಂದದ್ದಕ್ಕೆ ನೋವು ಯಾಕಾಗಬೇಕು ಎಂದು ಆ ದಿನದ ಡೈರಿಯಲ್ಲಿ ಮೂರು ಪುಟ ಬರೆದಿದ್ದಳು. ಆಮೇಲೆ ಹರಿದಳು. ತಪ್ಪಿಸಿದ ದಿನ ಇಲ್ಲ, ಹರಿದ ಪುಟಗಳು ಆ ಮೂರೇ. ಈಗ ಕೋರ್ಟಿನಲ್ಲಿ ಯಾರಾದರೂ ನಿಲ್ಲಿಸಿ ಕೇಳಿದರೆ, ಆ ಶನಿವಾರ ನೀನು ಬಾಯಿ ಬಿಟ್ಟದ್ದು ಪದ ಕಲಿತ ಖುಷಿಗೋ ಅಥವಾ ಈ ಹರಿದ ಪುಟಗಳಿಗೋ ಎಂದರೆ, ಏನು ಹೇಳುತ್ತಾಳೆ? ಪಾತಮ್ಮನ ಬುಟ್ಟಿಯೊಳಗೆ ಬಳೆಗಳು ಹಳ್ಳ ಬಂದಾಗಲೆಲ್ಲ ಗಲಗಲ ಎಂದವು.

ಮನೆಯ ಬಾಗಿಲಲ್ಲಿ ಅಜ್ಜಿ ಕೆಂಚಕ್ಕ ಕಾಲು ಚಾಚಿ ಕೂತಿದ್ದಳು. ಆಂಧ್ರದ ಕಡೆಯಿಂದ ಬಂದವಳು, ಸಿಟ್ಟಿನಲ್ಲೂ ಮುದ್ದಿನಲ್ಲೂ ತೆಲುಗು ಬರುತ್ತದೆ, ಯಾವುದರಲ್ಲಿ ಬಂತು ಎಂದು ಮುಖ ನೋಡಿಯೇ ತಿಳಿಯಬೇಕು. "ವಚ್ಚಿಂದಮ್ಮಾ ಲಾಯರಮ್ಮ," ಎಂದಳು, ಬಂದಳಲ್ಲ ಎಂದು. ಮುಖದಲ್ಲಿ ಏನೂ ಇರಲಿಲ್ಲ. ಕಾಲನ್ನೂ ಮಡಚಲಿಲ್ಲ, ಶಾಂತಕುಮಾರಿ ದಾಟಿಕೊಂಡೇ ಒಳಗೆ ಹೋದಳು. ಅವ್ವ ರಾಟೆಯ ಮುಂದೆ ಕೂತು ನೇಕಾರರ ಮನೆಯ ರೇಷ್ಮೆಯನ್ನು ಕಂಡಿಕೆಗೆ ಸುತ್ತುತ್ತಿದ್ದಳು. ಮದುವೆ ನಿಂತ ಮೇಲೆ ಅವ್ವ ಇವಳ ಜೊತೆ ಜಗಳವಾಡಿರಲಿಲ್ಲ. ಆಡಿದ್ದರೆ ಚೆನ್ನಾಗಿತ್ತು. ಬಂದೆಯಾ ಎಂದು ರಾಟೆಯನ್ನು ಕೇಳುವ ಹಾಗೆ ಕೇಳಿ, ಚಕ್ರ ತಿರುಗಿಸುತ್ತಲೇ ಇದ್ದಳು. ಸೆಲಿನ ಒಲೆಯ ಮುಂದಿದ್ದಳು.

"ಅಜ್ಜಿ, ಬಂದೋರಿಗೆ ಮುದ್ದೆ ಹಾಕ್ಲೋ, ಇಲ್ಲಾ ಫಾದರ್ ಬಂಗಲೆಯಾಗೆ ಉಂಡು ಬಂದವ್ರೋ ಕೇಳು."

"ನಂಗೆ ಕಿವಿ ಕೇಳಲ್ಲಮ್ಮ," ಎಂದಳು ಅಜ್ಜಿ.

"ಹಾಕು," ಎಂದಳು ಶಾಂತಕುಮಾರಿ. ಸೆಲಿನ ತಟ್ಟೆ ಇಟ್ಟಳು. ಬೆಳಗಿನ ಮುದ್ದೆ, ಮೇಲೆ ಸಿಪ್ಪೆ ಕಟ್ಟಿತ್ತು. ಸಾರು ಮಾತ್ರ ಬಿಸಿಯಿತ್ತು. ಬಿಸಿ ಮಾಡಿದ್ದು ಯಾರು ಎಂದು ಅವಳು ಯೋಚಿಸಿದಳು, ಒಬ್ಬರು ಮಾಡಿರಬೇಕಲ್ಲ. ನೀರು ಇಡಲಿಲ್ಲ. ಕೇಳುವುದಕ್ಕೆ ನಾಚಿಕೆಯಾಗಿ ಒಣಗಿದ ಗಂಟಲಲ್ಲೇ ನುಂಗಿದಳು. ತಾನು ಹುಟ್ಟಿದ ಮನೆಯಲ್ಲಿ ಒಂದು ಲೋಟ ನೀರು ಕೇಳಲು ಬಾರದವಳು ಯಾವ ದೇಶಕ್ಕೆ ಹೋಗಿ ಯಾವ ಊಟದ ಸಾಲಿನಲ್ಲಿ ನಿಲ್ಲುತ್ತಾಳೆ ಎಂದುಕೊಂಡಳು. ಸೂರಿನ ಗಳಕ್ಕೆ ಕಟ್ಟಿದ ಪ್ಲಾಸ್ಟಿಕ್ ಚೀಲದಲ್ಲಿ ಸೆಲಿನಳ ಮದುವೆ ಸೀರೆ ಇತ್ತು. ಅವ್ವನೇ ಸುತ್ತಿದ ನೂಲು, ಮುಂದಿನ ಬೀದಿಯಲ್ಲೇ ನೇಯ್ದದ್ದು, ಗಿಣಿ ಹಸಿರು. ಇಲಿ ಮುಟ್ಟಬಾರದೆಂದು ನೇತುಹಾಕಿದ್ದರು.

ಊಟವಾದ ಮೇಲೆ ಹಾಳೆಯನ್ನು ಬಿಚ್ಚಿ ಅವ್ವನ ಮುಂದೆ ಹಾಸಿ, ಮೂಲೆಗಳಿಗೆ ಖಾಲಿ ಕಂಡಿಕೆ ಇಟ್ಟಳು. ಫಾದರ್ ಕೊಟ್ಟಿದ್ದ ಮಸಿಯ ಡಬ್ಬಿ ತೆಗೆದಳು. "ಹೆಬ್ಬೆಟ್ಟು ಒತ್ತಿದ್ರೆ ಆಯ್ತು. ಐದು ಗಂಟೆಗೆ ಕೊಡಬೇಕು." ಅವ್ವ ಚಕ್ರ ನಿಲ್ಲಿಸಿದಳು. ಓದು ಬಾರದವಳು, ಆದರೆ ದಿನಕ್ಕೆ ಸಾವಿರ ಸಲ ತುಂಡಾದ ಎಳೆ ಹುಡುಕಿ ಉಗುಳು ಹಚ್ಚಿ ಗಂಟು ಹಾಕುವವಳು. ಬೆರಳಿನಿಂದ ಒಂದೊಂದೇ ಗೆರೆಯನ್ನು ಹಿಡಿದುಕೊಂಡು ಹೋದಳು.

"ಇದು?"

"ಅಜ್ಜಿ."

"ಇದು ನಾನು. ಇದು ಓಬಳೇಶ. ಇದು ಸೆಲಿನ." ಬೆರಳು ಪಕ್ಕಕ್ಕೆ ಸರಿಯಿತು. "ಇದು?"

"ಅಪ್ಪ."

"ಒಬ್ನೇ ಯಾಕವ್ನೆ?"

ಶಾಂತಕುಮಾರಿ ಮೂಲೆಯ ಕಂಡಿಕೆಯನ್ನು ಸರಿಸಿಟ್ಟಳು.

"ಕೇಳಿದ್ದು. ಎಲ್ಲಾರ ತಲೆ ಮ್ಯಾಲೂ ಎಳೆ ಐತೆ. ಇವನದು ಎಲ್ಲಿ ತುಂಡಾತು?"

"ಬೇಕಂತಲೇ ಬಿಟ್ಟೆ ಅವ್ವ. ನಿನಗೋಸ್ಕರ."

"ನಂಗೇನು ಬ್ಯಾನೆ ಬಂದಿತ್ತು?"

ಆಗ ಹೇಳಬೇಕಾಯಿತು. ಬಸ್ಸಿನಲ್ಲಿ ಜೋಡಿಸಿಕೊಂಡು ಬಂದ ಯಾವ ಮಾತೂ ಆ ಕ್ರಮದಲ್ಲಿ ಬರಲಿಲ್ಲ. ಸೆಲಿನಳಿಗೆ ಇದ್ದ ಅಡ್ಡಿಯೇ ನಿನಗೂ ಇತ್ತು, ಯಾರೂ ಕೇಳಲಿಲ್ಲ, ಯಾರೂ ವಿನಾಯಿತಿ ತರಲಿಲ್ಲ, ಈಗ ಅಪ್ಪ ಇಲ್ಲ, ಸತ್ತವರಿಗೆ ವಿನಾಯಿತಿ ಇಲ್ಲ, ಮಕ್ಕಳಿಗೆ ಏನೂ ಕಳಂಕ ಬರುವುದಿಲ್ಲ, ಆದರೆ ಗೆರೆ ಎಳೆದರೆ ಬಿಷಪ್ಪರ ಕಣ್ಣಿಗೆ ಬೀಳುತ್ತದೆ, ಕಾನೂನಿನ ಪ್ರಕಾರ ನಿಮ್ಮದು... ಅಲ್ಲಿಗೆ ನಿಂತಳು.

"ಮದುವೇನೇ ಅಲ್ಲ," ಎಂದಳು ಅವ್ವ. "ಹೇಳು. ಬಾಯಿ ಐತಲ್ಲ, ಆವತ್ತು ಫಾದರ್ ತಾವ ಇತ್ತಲ್ಲ."

ಒಲೆಯ ಮುಂದೆ ಸೆಲಿನ ಪಾತ್ರೆ ಎತ್ತಿದ್ದವಳು ಹಾಗೇ ನಿಂತಳು. ಅವ್ವನ ದನಿ ಏರಲಿಲ್ಲ. "ಇಪ್ಪತ್ತೊಂದು ವರ್ಷ ಆ ಮನುಷ್ಯಂಗೆ ಮುದ್ದೆ ಹಾಕೀನಿ. ಕೊನೆಗೆ ಆರು ತಿಂಗಳು ಹಾಸಿಗೇಲಿ ಬಿದ್ದಾಗ ಹೇಲು ಬಳಿದೀನಿ. ಅವಾಗ ಯಾವ ಬಿಷಪ್ಪು ಬಂದು ಎಣಿಸಿದ್ದ? ನಾನು ಯಾರನ್ನೋ ಕಟ್ಕಂಡು ಬಂದೋಳಲ್ಲ. ನಮ್ಮವ್ವ ತನ್ನ ತಮ್ಮಂಗೇ ನನ್ನ ಕೊಟ್ಟಿದ್ದು, ಹೊರಗೆ ಹೋಗಿ ಅಳಬಾರ್ದು ಅಂತ. ನೀನು ಅವನ್ನ ದಾರೀಲಿ ಹೋಗೋನ್ನ ಮಾಡಿ ನನ್ನ ಪಕ್ಕ ಕುಂದ್ರಿಸಿದೀಯಲ್ಲೇ. ಅಕ್ಕ ಇಲ್ಲ, ಅವ್ವ ಇಲ್ಲ, ಸಂತೇಲಿ ಸಿಕ್ಕಿದೋನ ಹಂಗೆ."

"ಮಾರ ನಮ್ಮೋನು," ಎಂದಳು ಬಾಗಿಲಿನಿಂದ, ಕಿವಿ ಕೇಳದ ಅಜ್ಜಿ. "ಈ ಸೊಂಟದ ಮ್ಯಾಲೆ ಹೊತ್ತು ತಿರಿಗೀನಿ."

"ಪೆನ್ನು ಕೊಡು," ಎಂದಳು ಅವ್ವ. ಪೆನ್ನನ್ನು ಸೂಜಿ ಹಿಡಿಯುವ ಹಾಗೆ ಹಿಡಿದಳು. ಅಪ್ಪನ ಹೆಸರಿನ ತಲೆಯ ಮೇಲೆ ಊರಿ, ಉಸಿರು ಬಿಗಿಹಿಡಿದು, ಮೇಲಕ್ಕೆ ಎಳೆದುಕೊಂಡು ಹೋದಳು. ಗೆರೆ ಅವ್ವನ ಹೆಸರಿನ ಹತ್ತಿರ ಬಗ್ಗಿತು, ಒಂದು ಕಡೆ ಹಾಳೆಯನ್ನು ಚುಚ್ಚಿತು, ಕೊನೆಗೆ ಕೆಂಚಕ್ಕನ ಹೆಸರಿನ ಬಾಲಕ್ಕೆ ಹೋಗಿ ಮುಟ್ಟಿತು. ಮುಟ್ಟಿದ ಮೇಲೆ ಅಲ್ಲಿ ಒಂದು ಚುಕ್ಕಿ ಒತ್ತಿದಳು, ಗಂಟು ಹಾಕುವ ಹಾಗೆ. ಆಮೇಲೆ ತಾನೇ ಮಸಿಗೆ ಹೆಬ್ಬೆಟ್ಟು ಅದ್ದಿ ಕೆಳಗೆ ಒತ್ತಿ, ಬೆರಳನ್ನು ತಲೆಗೆ ಒರೆಸಿಕೊಂಡು, ಚಕ್ರ ತಿರುಗಿಸತೊಡಗಿದಳು.

"ಇದನ್ನ ಕೊಟ್ರೆ ತಡ ಆಗುತ್ತೆ ಅವ್ವ. ಆಗದೇನೂ ಇರಬಹುದು."

"ನಿಮ್ಮಪ್ಪನ್ನ ಬಿಟ್ಟು ಆಗೋ ಮದುವೆ ನಂಗೆ ಬ್ಯಾಡ."

ಬಸ್ ಸ್ಟ್ಯಾಂಡಿನ ತನಕ ಸೆಲಿನ ಹಿಂದೆ ಬಂದಳು. ಹತ್ತು ಹೆಜ್ಜೆ ದೂರ ಬಿಟ್ಟುಕೊಂಡು ಬರುತ್ತಿದ್ದವಳು ಹಣ್ಣಿನ ಅಂಗಡಿ ದಾಟಿದ ಮೇಲೆ ಪಕ್ಕಕ್ಕೆ ಬಂದಳು. ಸಿಮೆಂಟ್ ಬೆಂಚಿನ ಮೇಲೆ ಕೂತು, "ಇನ್ನೊಂದು ಹಾಳೆ ಐತಾ?" ಎಂದಳು. ಇತ್ತು. ಇವಳು ಯಾವಾಗಲೂ ಒಂದು ಹೆಚ್ಚಿಗೆ ಇಟ್ಟುಕೊಂಡಿರುತ್ತಿದ್ದಳು. "ಮೊದ್ಲು ಬರ್ದಿದ್ದಂಗೇ ಬರಿ. ಆ ಗೆರೆ ಬ್ಯಾಡ."

"ಅವ್ವ..."

"ಅವ್ವಂಗೆ ಸತ್ತೋರ ಚಿಂತೆ. ನಂಗೆ ಬದುಕಿರೋನ ಚಿಂತೆ. ಮದುವೆ ನಿಂತು ಎಂಟು ವಾರ ಆತು, ನೀರಿಗೆ ಹೋದ್ರೆ ಕೊಡ ಇಳಿಸಿ ನನ್ನ ಹೊಟ್ಟೆ ನೋಡ್ತಾರೆ. ಬರಿ."

ಶಾಂತಕುಮಾರಿ ತೊಡೆಯ ಮೇಲೆ ಫೈಲಿಟ್ಟು ಬರೆದಳು. ಅಕ್ಷರ ಬೆಳಗಿಗಿಂತ ದುಂಡಗೆ ಬಂತು. ಹೆಬ್ಬೆಟ್ಟಿನ ಜಾಗ ಖಾಲಿ ಉಳಿಯಿತು. ಸೆಲಿನ ಬ್ಯಾಗಿನಿಂದ ಮಸಿಯ ಡಬ್ಬಿ ತೆಗೆದು, ತನ್ನ ಹೆಬ್ಬೆಟ್ಟನ್ನೇ ಅದ್ದಿ ಒತ್ತಿದಳು. "ಮಸಿಯೊಳಗೆ ಯಾರ ಬೆರಳಾದ್ರೇನು," ಎಂದಳು. ಬಸ್ಸು ಹಾರನ್ ಹೊಡೆಯಿತು. ಮೆಟ್ಟಿಲ ಮೇಲೆ ಕಾಲಿಟ್ಟವಳ ತೋಳನ್ನು ಹಿಂದಿನಿಂದ ಹಿಡಿದು, "ಅಕ್ಕ," ಎಂದಳು. ಈ ಎಂಟು ವಾರದಲ್ಲಿ ಆ ಶಬ್ದ ಅವಳ ಬಾಯಿಂದ ಬಂದಿರಲಿಲ್ಲ. "ಇದನ್ನೇ ಕೊಡು, ಅಕ್ಕ. ನಿನ್ನ ಕಾಲಿಗೆ ಬೀಳ್ತೀನಿ. ಆಮ್ಯಾಲೆ ಎಲ್ಲಿಗಾರ ಹೋಗು, ಯಾವ ದೇಶಕ್ಕಾರ ಹೋಗು." ಕಂಡಕ್ಟರ್ ಬಾಗಿಲು ಬಡಿದ. ರವಿಕೆಯ ತೋಳಿನ ಮೇಲೆ ಸೆಲಿನಳ ಹೆಬ್ಬೆಟ್ಟಿನ ನೀಲಿ ಗುರುತು ಬಿತ್ತು.

ಬಿ.ಜಿ.ಕೆರೆ ಬರುವ ತನಕ ಅವಳು ಸೆಲಿನಳ ಹಾಳೆಯನ್ನೇ ಕೊಡುವುದೆಂದು ತೀರ್ಮಾನಿಸಿದ್ದಳು. ತಂಗಿಗೆ ಮಾಡಿದ್ದನ್ನು ತಂಗಿಗೇ ತೀರಿಸಬೇಕು, ಅದು ನ್ಯಾಯ. ತಳಕಿನಲ್ಲಿ ಒಬ್ಬ ಮುದುಕ ಹೆಂಡತಿಯನ್ನು ಕೈಹಿಡಿದು ಹತ್ತಿಸಿ, ಸೀಟು ಸಿಗದೆ, ಅವಳ ಮುಂದೆಯೇ ಕಂಬ ಹಿಡಿದು ನಿಂತು, ಬಸ್ಸು ತಿರುಗಿದಾಗಲೆಲ್ಲ ಅವಳ ತಲೆಗೆ ತನ್ನ ಹೊಟ್ಟೆ ತಾಗದಂತೆ ಹಿಂದೆ ಸರಿಯುತ್ತಿದ್ದ. ಅದನ್ನು ನೋಡುತ್ತಾ ಅವ್ವನ ಹಾಳೆಯೇ ಎಂದುಕೊಂಡಳು. ಆಗ ಮತ್ತೊಂದು ಯೋಚನೆ ಬಂತು. ಎರಡರಲ್ಲಿ ಯಾವುದನ್ನು ಕೊಟ್ಟರೆ ಮದುವೆ ನಿಲ್ಲುತ್ತದೆಯೋ ಅದರ ಕಡೆಗೇ ಮನಸ್ಸು ವಾಲುತ್ತಿದೆ, ಅದಕ್ಕೆ ಅವ್ವನ ಹೆಸರು ಹೇಳುತ್ತಿದೆ ಅಷ್ಟೆ. ಹೌದೋ ಅಲ್ಲವೋ ನೋಡಲು ಒಳಗೆ ಇಣುಕಿದರೆ ಅಲ್ಲಿ ಇಬ್ಬರು ಹೆಂಗಸರಿದ್ದರು, ರಿಜಿಸ್ಟರಿನ ಕೆಂಚಕ್ಕ ಮೋನಿಕಾರ ಹಾಗೆ, ಹೆಸರು ಬೇರೆ, ಒಬ್ಬಳೇ.

ಫಾದರ್ ವಲೇರಿಯನ್ ಮೇಜಿನ ಮೇಲೆ ಬಿಷಪ್ಪರಿಗೆ ಒಯ್ಯುವ ಕಾಗದಗಳನ್ನು ಜೋಡಿಸುತ್ತಿದ್ದರು. ಒಂದು ಕಡೆ ಮದುವೆಯ ಅರ್ಜಿ, ಒಂದು ಕಡೆ ಲೂವನ್ನಿನ ಅವಳ ಫೈಲು. "ಬಾ, ನಾಲ್ಕೂ ಮುಕ್ಕಾಲು. ಚೆಂದ," ಎಂದು ಕೈ ಚಾಚಿದರು. ಅವಳು ಫೈಲಿನೊಳಗೆ ಕೈ ಹಾಕಿದಳು. ಬೆರಳಿಗೆ ಮೊದಲು ಸಿಕ್ಕಿದ್ದು ನಯವಾದ ಹಾಳೆ. ಅದನ್ನು ಬಿಟ್ಟು, ಪೆನ್ನು ಚುಚ್ಚಿ ತೂತಾದದ್ದನ್ನು ಎಳೆದುಕೊಟ್ಟಳು.

ಫಾದರ್ ನೋಡಿದರು. ಕನ್ನಡಕ ತೆಗೆದು ಒರೆಸಿ ಮತ್ತೆ ನೋಡಿದರು. "ಈ ಮಾರಣ್ಣ ನಿನ್ನ ತಂದೆ ಅಲ್ವಾ? ಈ ಗೆರೆ?"

"ಅಪ್ಪ ಅಜ್ಜಿಯ ತಮ್ಮ, ಫಾದರ್."

"ಹೀಗಿದ್ದರೆ ನಿನ್ನ ತಾಯಿಯ ಮದುವೆ ಏನಾಗ್ತದೆ ಅಂತ ಗೊತ್ತಿದೆಯಾ ನಿನಗೆ?"

"ಗೊತ್ತು."

"ಮೊದಲು ತಂಗಿಯದು. ಈಗ ತಾಯಿಯದು. ಎರಡೂ ಸಲ ನೀನೇ ತಂದು ಕೊಟ್ಟದ್ದು." ಫಾದರ್ ನಗಲು ನೋಡಿದರು. "ಒಳ್ಳೆ ವಕೀಲೆ ಆಗ್ತಿ ಮಾರಾಯ್ತಿ." ಆಮೇಲೆ ಹಾಳೆಯನ್ನು ದೂರ ಹಿಡಿದು, "ಇದೇನು ಈ ಗೆರೆ, ಎರೆಹುಳದ ಹಾಗೆ. ಯಾರು ಎಳೆದದ್ದು?"

"ನಮ್ಮವ್ವ."

"ಬಿಷಪ್ಪರ ಮುಂದೆ ಇದನ್ನು ಇಡ್ಲಿಕ್ಕಾಗ್ತದಾ? ಸ್ಕೇಲಿಟ್ಟು ಸರಿ ಮಾಡು." ಮರದ ಸ್ಕೇಲನ್ನು ಮೇಜಿನ ಮೇಲೆ ಅವಳ ಕಡೆ ನೂಕಿದರು. ಅವಳು ತೆಗೆದುಕೊಂಡು ಅವ್ವನ ಗೆರೆಗೆ ಹೊಂದಿಸಿ ಇಟ್ಟಳು. ಅಪ್ಪನ ಹೆಸರಿನ ಹತ್ತಿರ ಒಂದು ಕಡೆ, ಅಜ್ಜಿಯ ಹೆಸರಿನ ಗಂಟಿನ ಹತ್ತಿರ ಒಂದು ಕಡೆ, ಅಷ್ಟು ಬಿಟ್ಟರೆ ಗೆರೆ ಸ್ಕೇಲನ್ನು ಎಲ್ಲೂ ಮುಟ್ಟಲಿಲ್ಲ. ಸ್ವಲ್ಪ ಹೊತ್ತು ಹಾಗೇ ಹಿಡಿದಿದ್ದು, ಸ್ಕೇಲನ್ನು ವಾಪಸ್ಸು ನೂಕಿದಳು.

"ಇರಲಿ ಫಾದರ್."

ಅವರು ಅವಳ ಮುಖವನ್ನು, ಮೊದಲ ಸಲ ಎನ್ನುವ ಹಾಗೆ, ನೋಡಿದರು. ಅವ್ವನ ಹಾಳೆಯನ್ನು ಅರ್ಜಿಗೆ ಪಿನ್ ಮಾಡಿದರು. ಲೂವನ್ನಿನ ಫೈಲನ್ನು ಎತ್ತಿ ಮೇಜಿನ ಖಾನೆಗೆ ಹಾಕಿದರು. "ಮನೆಯದು ಇತ್ಯರ್ಥ ಆಗದೆ ನಿನಗೆ ಶಿಫಾರಸು ಕೇಳುವುದು ಸರಿಯಲ್ಲ. ಈ ವರ್ಷ ಆಗದಿದ್ದರೆ ಬರುವ ವರ್ಷ. ಏನಂತಿ?" ಖಾನೆ ಅರ್ಧಕ್ಕೆ ಸಿಕ್ಕಿಕೊಂಡಿತ್ತು. ಫಾದರ್ ಅದನ್ನು ಮೊಣಕಾಲಿನಿಂದ ದೂಡಿ ಮುಚ್ಚಿದರು.

ಗೇಟಿನ ಹೊರಗೆ ಓಬಳೇಶ್ ಸೈಕಲ್ಲಿಗೆ ಒರಗಿ ನಿಂತಿದ್ದ. ಎಣ್ಣೆ ಮಿಲ್ಲಿನಿಂದ ಹಾಗೇ ಬಂದಿದ್ದ, ಹಿಂಡಿಯ ಪುಡಿ ಹುಬ್ಬಿನ ತನಕ ಮೆತ್ತಿತ್ತು, ಕಮಟು ವಾಸನೆ ಗಾಳಿಗೆ ಮೊದಲೇ ಬಂದು ಅವಳನ್ನು ಮುಟ್ಟಿತು. "ಸೆಲಿನ ಮಿಲ್ಲಿಗೆ ಫೋನ್ ಮಾಡಿದ್ಲು. ಎರಡು ಹಾಳೆ ಅವಂತೆ."

"ಹೂಂ."

"ಯಾವುದು ಕೊಟ್ಟೆ?"

"ಅವ್ವಂದು."

ಅವನು ಬೈಯಲಿಲ್ಲ. "ಇನ್ನೊಂದು ತಾ," ಎಂದ. ಕೊಟ್ಟಳು. ಪಟ ನೋಡದೆ, ಕೆಳಗಿನ ಹೆಬ್ಬೆಟ್ಟನ್ನೇ ನೋಡಿದ. ಎಣ್ಣೆಗೈ ತಾಗದಂತೆ ಅಂಚು ಹಿಡಿದು ನಾಲ್ಕು ಮಡಿಕೆ ಮಾಡಿ ಜೇಬಿಗಿಟ್ಟುಕೊಂಡ.

"ಎಷ್ಟು ದಿನ ಆಗ್ತತೆ?"

"ಗೊತ್ತಿಲ್ಲ ಮಾವ. ನಂದೂ ನಿಂತು ಹೋಯ್ತು. ಬೆಲ್ಜಿಯಂದು."

"ನಿಂದು ನಾ ಕೇಳ್ಲಿಲ್ಲ." ಅವನು ಸ್ಟ್ಯಾಂಡ್ ಒದ್ದು ಸೈಕಲ್ ಇಳಿಸಿದ. ಹತ್ತುವ ಮುಂಚೆ ತಿರುಗಿ, ಕಣ್ಣು ಕಿರಿದು ಮಾಡಿ ನೋಡಿದ.

"ನಗ್ತಾ ಇದೀಯೇನೇ?"

"ಇಲ್ಲ," ಎಂದಳು. ಅವನು ನೋಡುತ್ತಲೇ ಇದ್ದ. ಶಾಂತಕುಮಾರಿ ಬ್ಯಾಗನ್ನು ಎಡಗೈಗೆ ಬದಲಿಸಿ, ಬಲಗೈಯನ್ನು ಎತ್ತಿ, ತನ್ನ ತುಟಿಯ ಒಂದು ತುದಿಯಿಂದ ಇನ್ನೊಂದು ತುದಿಗೆ ಬೆರಳಾಡಿಸಿ ನೋಡಿಕೊಂಡಳು.